ಬಿಕಾಂ ಹುಡುಗಿಯ ಬ್ಯಾಕ್‌ಸ್ಟೇಜ್ ಲೆಕ್ಕ

1/9

ಕಳೆದ ವಾರ ನಮ್ಮ ‘ತುಘಲಕ್’ ತಂಡದ ಫೋಟೋ ಹಾಕಿದ ಮೇಲೆ ಬಂದ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. “ಇದ್ರಲ್ಲಿ ನೀನೆಲ್ಲಿದೀಯ?”

ಇಲ್ಲ ಕಣ್ರಪ್ಪಾ, ನಾನಿಲ್ಲ. ಆ ಫೋಟೋ ತೆಗೆಯೋ ಹೊತ್ತಿಗೆ ಬಲಗಡೆ ವಿಂಗಿನ ನೆಲದ ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು ತಾಮ್ರದ ನಾಣ್ಯ ಎಣಿಸ್ತಾ ಇದ್ದೆ. ರಂಗಕ್ಕೆ ಹೋಗಿದ್ದು 412, ವಾಪಸ್ ಬಂದಿದ್ದು 397. ಉಳಿದ 15 ಯಾವ ಅಮೀರನ ಜೇಬಲ್ಲಿ ಮನೆಗೆ ಹೋದ್ವೋ ಆ ದೇವರಿಗೇ ಗೊತ್ತು.

ಈ ಸರಣಿ ಮೊದಲ ಸಲ ಓದ್ತಿರೋರಿಗೆ: ನಾನು ಬಿಕಾಂ ಐದನೇ ಸೆಮ್. ಊರು ನಂಜನಗೂಡು, ಕಾಲೇಜು ಮೈಸೂರು. ನಮ್ಮ ಕಾಲೇಜಲ್ಲಿ ನಾಟಕ ವಿಭಾಗ ಇದೆ, ಆದ್ರೆ ಅದು ಬಿಎ ಹುಡುಗರದ್ದು. ಕಾಮರ್ಸ್ ಬ್ಲಾಕಿನವರು ಆ ಕಡೆ ಹೋಗೋದು ಕ್ಯಾಂಟೀನಿಗೆ ಅಡ್ಡದಾರಿ ಅಂತ ಮಾತ್ರ. ನಾನೀಗ ಆ ವಿಭಾಗದ ಮೂರು ನಾಟಕಗಳಿಗೆ ಸ್ಟೇಜ್ ಮ್ಯಾನೇಜರ್. ಕನ್ನಡದಲ್ಲಿ ರಂಗನಿರ್ವಹಣೆ ಅಂತಾರೆ. ಕರಪತ್ರದ ಕೊನೇ ಸಾಲಲ್ಲಿ, ‘ಕೃತಜ್ಞತೆಗಳು’ ಅನ್ನೋದಕ್ಕಿಂತ ಸ್ವಲ್ಪ ಮೇಲೆ ಇರುತ್ತೆ ನೋಡಿ, ಅದೇ.

“ಅದಕ್ಕೆ ಸೇರೋದು ಹೇಗೆ, ಅಲ್ಲಿ ಏನ್ಮಾಡ್ತಾರೆ, ನಂಗೆ ಆ್ಯಕ್ಟಿಂಗ್ ಬರಲ್ಲ ಆದ್ರೂ ಬರಬಹುದಾ” ಅಂತ ಕೇಳಿದವರಿಗೆಲ್ಲ ಒಟ್ಟಿಗೇ ಬರೀತಿದೀನಿ. ಉದ್ದ ಆಗುತ್ತೆ. ಕಾಫಿ ತಗೊಂಡು ಕೂತ್ಕೊಳ್ಳಿ.

2/9

(ಫೋಟೋ: ನನ್ನ ಹಾಜರಿ ಪುಸ್ತಕ. ಮೇಲೆ ಇರೋ ಕಲೆ ಚಹಾದ್ದು.)

ನಾನು ಸೇರಿದ್ದು ಹೀಗೆ. ಮೊದಲ ವರ್ಷ, ಆಡಿಷನ್ನಿಗೆ ಗೆಳತಿ ಜೊತೆ ಹೋಗಿದ್ದೆ, ಅವಳಿಗೆ ಧೈರ್ಯ ಹೇಳೋಕೆ. ಅವಳು ಒಳಗೆ ಹೋದಳು, ನಾನು ಬಾಗಿಲ ಹತ್ರ ನಿಂತೆ. ಹೊರಗೆ ಮೂವತ್ತು ಜನ, ಯಾರಿಗೂ ತಮ್ಮ ಸರದಿ ಯಾವಾಗ ಅಂತ ಗೊತ್ತಿಲ್ಲ, ಒಬ್ಬರ ಮೇಲೊಬ್ಬರು ಬೀಳ್ತಿದಾರೆ. ನಂಗೆ ಇಂಥದ್ದು ನೋಡಿ ಸುಮ್ನಿರೋಕಾಗಲ್ಲ. ಅಪ್ಪನ ದಿನಸಿ ಅಂಗಡೀಲಿ ಬೆಳೆದವಳು ನಾನು. ಹಬ್ಬದ ಹಿಂದಿನ ದಿನ ಗಿರಾಕಿಗಳನ್ನ ಸಾಲಲ್ಲಿ ನಿಲ್ಲಿಸೋದು ಎಂಟನೇ ಕ್ಲಾಸಿಂದ ನನ್ನ ಕೆಲಸ. ನೋಟ್‌ಬುಕ್ಕಿನ ಹಾಳೆ ಹರಿದು ನಂಬರ್ ಬರೆದು ಹಂಚಿದೆ. ಹತ್ತು ನಿಮಿಷದಲ್ಲಿ ಗಲಾಟೆ ನಿಂತಿತು.

ಒಳಗಿಂದ ನಾಟಕದ ಮೇಷ್ಟ್ರು ಬಂದು “ಯಾರಮ್ಮಾ ಇದು ಮಾಡಿದ್ದು?” ಅಂದ್ರು. ಬೈಗುಳ ಗ್ಯಾರಂಟಿ ಅನ್ಕೊಂಡೆ. “ನಾಳೆ ನಾಲ್ಕೂಕಾಲಿಗೆ ಬಾ. ಪೆನ್ಸಿಲ್ ತಗೊಂಡು ಬಾ, ಪೆನ್ ಬೇಡ” ಅಂದ್ರು, ಅಷ್ಟೇ.

ಪೆನ್ಸಿಲ್ ಯಾಕೆ ಅನ್ನೋದು ಮೂರನೇ ದಿನ ಗೊತ್ತಾಯ್ತು. ನಿರ್ದೇಶಕರು ಇವತ್ತು “ನೀನು ಬಲದಿಂದ ಬಾ” ಅಂತಾರೆ, ನಾಳೆ “ಯಾರು ಹೇಳಿದ್ದು ಬಲದಿಂದ?” ಅಂತಾರೆ. ಪೆನ್ನಲ್ಲಿ ಬರೆದಿದ್ರೆ ಪುಸ್ತಕ ಯುದ್ಧಭೂಮಿ ಆಗಿರುತ್ತೆ.

ಬಿಎ ಹುಡುಗರು ಮೊದಲ ತಿಂಗಳು ನನ್ನನ್ನ ‘ಅಕೌಂಟೆಂಟ್’ ಅಂತ ಕರೀತಿದ್ರು. ಬಿಲ್ ಇದ್ರೆ ಮಾತ್ರ ಮಾತು. ಕೆಟ್ಟ ಮನಸ್ಸಿಂದ ಅಲ್ಲ ಬಿಡಿ, ಆದ್ರೂ ಚುಚ್ತಿತ್ತು.

3/9

ಸರಿ, ಕೆಲಸ ಏನು ಅಂತ.

ತಾಲೀಮು ಶುರುವಾಗೋಕೆ ಮುಂಚೆ: ನಾಟಕದ ಹಕ್ಕುದಾರರಿಂದ ಅನುಮತಿ ಬಂತಾ ನೋಡು, ಇಲ್ಲಾಂದ್ರೆ ಬೆನ್ನು ಬೀಳು. ಎಲ್ಲರ ಟೈಮ್‌ಟೇಬಲ್ ತಗೊಂಡು ಯಾರು ಯಾವ ದಿನ ಎಷ್ಟು ಗಂಟೆಗೆ ಫ್ರೀ ಅಂತ ಒಂದು ಚಾರ್ಟ್. ಯಾವ ದೃಶ್ಯದಲ್ಲಿ ಯಾರಿದಾರೆ ಅಂತ ಇನ್ನೊಂದು ಚಾರ್ಟ್. ಇವೆರಡನ್ನೂ ಒಂದರ ಮೇಲೊಂದು ಇಟ್ಟರೆ ಇವತ್ತು ಯಾವ ದೃಶ್ಯ ಮಾಡಬಹುದು ಅಂತ ಗೊತ್ತಾಗುತ್ತೆ. ಎಕ್ಸೆಲ್ ಬಂದರೆ ಐದು ನಿಮಿಷದ ಕೆಲಸ. ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಡಂ ಇದನ್ನ ನೋಡಿದ್ರೆ ನಂಗೆ ಇಂಟರ್ನಲ್ಸ್ ಮಾರ್ಕ್ಸ್ ಜಾಸ್ತಿ ಕೊಡ್ತಿದ್ರೇನೋ.

ಆಮೇಲೆ ನೆಲ. ನಮ್ಮ ಆಡಿಟೋರಿಯಂ ಸ್ಟೇಜು 30 ಅಡಿ ಅಗಲ, 22 ಅಡಿ ಆಳ. ಅಲ್ಲಿ ತಾಲೀಮಿಗೆ ಜಾಗ ಸಿಗೋದು ಕೊನೇ ನಾಲ್ಕು ದಿನ ಮಾತ್ರ. ಅಲ್ಲೀವರೆಗೂ ಹಳೇ ಲೈಬ್ರರಿ ಹಾಲಲ್ಲಿ ಟೇಪಿನಿಂದ ಅಳೆದು, ನೆಲಕ್ಕೆ ಬಣ್ಣದ ಟೇಪ್ ಅಂಟಿಸಿ ಅದೇ ಅಳತೆಯ ಸ್ಟೇಜ್ ಮಾಡ್ಕೋಬೇಕು. ಸಿಂಹಾಸನದ ನಾಲ್ಕು ಕಾಲು ಎಲ್ಲಿ ಬರುತ್ತೆ, ಮೆಟ್ಟಿಲು ಎಲ್ಲಿ, ಪರದೆ ಎಲ್ಲಿ. ಇಲ್ಲದಿದ್ರೆ ನಟ ಹತ್ತು ಹೆಜ್ಜೆ ಅಭ್ಯಾಸ ಮಾಡಿರ್ತಾನೆ, ನಿಜವಾದ ಸ್ಟೇಜಲ್ಲಿ ಏಳನೇ ಹೆಜ್ಜೆಗೇ ಗೋಡೆ.

ಪ್ರಾಂಪ್ಟ್ ಬುಕ್ ಅಂತ ಒಂದಿದೆ. ಒಂದು ಕಡೆ ಸಂಭಾಷಣೆ, ಎದುರು ಪುಟದಲ್ಲಿ ಯಾರು ಎಲ್ಲಿಂದ ಎಲ್ಲಿಗೆ ನಡೀತಾರೆ, ಬೆಳಕು ಎಲ್ಲಿ ಬದಲಾಗುತ್ತೆ, ಸಂಗೀತ ಎಲ್ಲಿ ಬರುತ್ತೆ, ಎಲ್ಲ. ಇಂಗ್ಲಿಷ್ ಪುಸ್ತಕಗಳಲ್ಲಿ ‘ಅಪ್‌ಸ್ಟೇಜ್ ಲೆಫ್ಟ್’ಗೆ ಯುಎಲ್ ಅಂತ ಬರೀತಾರೆ. ನಾನು ‘ಹಿಂ-ಎ’, ‘ಮುಂ-ಬ’ ಅಂತ ಮಾಡ್ಕೊಂಡೆ: ಹಿಂದೆ ಎಡ, ಮುಂದೆ ಬಲ. ಎಡ-ಬಲ ಯಾವಾಗಲೂ ನಟನದ್ದು, ಪ್ರೇಕ್ಷಕರದ್ದಲ್ಲ. ಅಂದ ಹಾಗೆ ಹಿಂಭಾಗಕ್ಕೆ ‘ಅಪ್’ ಅನ್ನೋದು ಯಾಕೆ ಗೊತ್ತಾ? ಯುರೋಪಿನ ಹಳೇ ರಂಗಮಂದಿರಗಳಲ್ಲಿ ನೆಲ ನಿಜವಾಗಲೂ ಹಿಂದಕ್ಕೆ ಏರ್ತಾ ಹೋಗ್ತಿತ್ತು. ಹಿಂದೆ ಹೋಗೋದಂದ್ರೆ ಮೇಲೆ ಹತ್ತೋದು.

4/9

(ಫೋಟೋ: ಪ್ರಾಪ್ ಟೇಬಲ್. ಬಿಳಿ ಡ್ರಾಯಿಂಗ್ ಶೀಟ್ ಮೇಲೆ ಪ್ರತಿ ವಸ್ತುವಿನ ಗೆರೆ ಎಳೆದಿರೋದು ಕಾಣುತ್ತಾ?)

ಈ ಭಾಗ ನನ್ನ ಬಿಕಾಂ ಗೆಳೆಯರಿಗೆ.

ಕಾಸ್ಟ್ ಅಕೌಂಟಿಂಗಲ್ಲಿ ಬಿನ್ ಕಾರ್ಡ್ ಓದಿದೀರಲ್ಲ? ಗೋದಾಮಿನಲ್ಲಿ ಪ್ರತಿ ಸಾಮಾನಿನ ಡಬ್ಬಿಗೆ ಒಂದು ಕಾರ್ಡ್ ನೇತು ಹಾಕಿ, ಬಂದದ್ದು, ಹೋದದ್ದು, ಉಳಿದದ್ದು ಬರೀತಾರೆ. ಎರಡು ಮಾರ್ಕ್ಸ್ ಪ್ರಶ್ನೆ ಅಂತ ಬಾಯಿಪಾಠ ಮಾಡಿ ಮರೆತುಬಿಡ್ತೀವಿ. ನಮ್ಮ ಪ್ರಾಪ್ ಟೇಬಲ್ ಪೂರ್ತಿ ಅದೇ. ರಂಗಪರಿಕರ ಪ್ರತಿಯೊಂದಕ್ಕೂ ಟೇಬಲ್ ಮೇಲೆ ಅದರದೇ ಆಕಾರದ ಗೆರೆ, ಪಕ್ಕದಲ್ಲಿ ಹೆಸರು, ಯಾವ ದೃಶ್ಯ, ಯಾರ ಕೈಗೆ, ಯಾವ ಕಡೆಯಿಂದ ವಾಪಸ್. ಕತ್ತಲಲ್ಲಿ ಒಂದು ಸಲ ಕಣ್ಣು ಹಾಯಿಸಿದ್ರೆ ಸಾಕು, ಗೆರೆ ಖಾಲಿ ಇದ್ರೆ ಯಾರೋ ತಗೊಂಡಿದಾರೆ ಅಂತ ಅರ್ಥ.

ಇನ್ನು ‘ತುಘಲಕ್’. ಗಿರೀಶ ಕಾರ್ನಾಡರು 1964ರಲ್ಲಿ ಬರೆದದ್ದು, 13 ದೃಶ್ಯ. ದೆಹಲಿಯಿಂದ ದೌಲತಾಬಾದಿಗೆ ರಾಜಧಾನಿ ಬದಲಾಯಿಸಿದ ಕಥೆ ಎಲ್ಲರಿಗೂ ಗೊತ್ತು. ನಂಗೆ ಹಿಡಿಸಿದ್ದು ತಾಮ್ರದ ನಾಣ್ಯದ ಕಥೆ. ಬೆಳ್ಳಿ ನಾಣ್ಯಕ್ಕೂ ತಾಮ್ರದ ನಾಣ್ಯಕ್ಕೂ ಒಂದೇ ಬೆಲೆ ಅಂತ ಸುಲ್ತಾನ ಆಜ್ಞೆ ಹೊರಡಿಸ್ತಾನೆ. ಇವತ್ತು ನಮ್ಮ ಜೇಬಲ್ಲಿರೋ ನೋಟೂ ಅದೇ ತಾನೇ? ಕಾಗದಕ್ಕೆ ಬೆಲೆಯಿಲ್ಲ, ಅದರ ಹಿಂದಿನ ನಂಬಿಕೆಗೆ ಬೆಲೆ. ಐಡಿಯಾ ತಪ್ಪಲ್ಲ. ಆದ್ರೆ ತಾಮ್ರ ಕರಗಿಸೋಕೆ ಬರೋ ಪ್ರತಿ ಮನೆಯೂ ಟಂಕಸಾಲೆ ಆಗೋದನ್ನ ತಡೆಯೋ ವ್ಯವಸ್ಥೆ ಅವನ ಹತ್ರ ಇರಲಿಲ್ಲ. ಜನ ಬೆಳ್ಳಿ ಬಚ್ಚಿಟ್ಟು ತಾಮ್ರ ಚಲಾಯಿಸಿದ್ರು. ಗ್ರೆಶಾಮ್ಸ್ ಲಾ, ಮೊದಲ ಸೆಮ್, ಎಕನಾಮಿಕ್ಸ್. ನಾಟಕದಲ್ಲಿ ಆ ಖೋಟಾ ನಾಣ್ಯಗಳ ರಾಶಿ ಬಂದು ಬೀಳೋದು ಅರಮನೆಯ ಗುಲಾಬಿ ತೋಟಕ್ಕೆ.

ಈಗ ಆ ರಾಶಿಯನ್ನ ತರೋದು ಯಾರು? ನಾನು. ಬಜೆಟ್ ಎಷ್ಟು? ಹೇಳಿದ್ರೆ ನಗ್ತೀರ. ಸೋಡಾ ಬಾಟ್ಲಿ ಮುಚ್ಚಳ ಸುತ್ತಿಗೇಲಿ ಚಪ್ಪಟೆ ಮಾಡಿ ಬಣ್ಣ ಹೊಡೆದು ನೋಡಿದ್ವಿ. ಕಣ್ಣಿಗೆ ಸರಿಯಾಗಿತ್ತು, ಕಿವಿಗೆ ಸರಿಯಿಲ್ಲ, ಬಿದ್ದರೆ ‘ಚಪ್’ ಅಂತಿತ್ತು. ಕೊನೆಗೆ ಹಾರ್ಡ್‌ವೇರ್ ಅಂಗಡಿಯಿಂದ ಕಬ್ಬಿಣದ ವಾಷರ್ ತಂದು ಮುಚ್ಚಳಗಳ ಜೊತೆ ಬೆರೆಸಿದ್ವಿ. ಆಗ ಬಂತು ನೋಡಿ ಸದ್ದು. ಮೂಟೆಯಲ್ಲಿ ಕೆಳಗೆ ಮರದ ಹೊಟ್ಟು, ಮೇಲೆ ನಾಲ್ಕು ಬೆರಳು ನಾಣ್ಯ. ಖೋಟಾ ನಾಣ್ಯದ ಖೋಟಾ ನಾಣ್ಯ ಅದು. ಸುಲ್ತಾನನ ಆತ್ಮಕ್ಕೆ ಶಾಂತಿ ಸಿಗಲಿ.

5/9

ನಿಮಗೆ ನಾಟಕ ನೋಡೋವಾಗ ಗೊತ್ತಾಗದ ಒಂದು ವಿಷಯ ಹೇಳ್ತೀನಿ.

ಹಿಂದೆ ಕಂಪನಿ ನಾಟಕಗಳಲ್ಲಿ ‘ರಸ್ತೆ ಸೀನು’, ‘ದರ್ಬಾರ್ ಸೀನು’ ಅಂತ ಇರ್ತಿತ್ತು. ಮುಂದಿನ ಪರದೆ ಇಳಿಸಿ ಅದರ ಮುಂದೆ ಸಣ್ಣ ಜಾಗದಲ್ಲಿ ಹಾಸ್ಯ ನಡೀತಿದ್ರೆ, ಹಿಂದೆ ಆಳುಗಳು ಅರಮನೆ ಎಬ್ಬಿಸ್ತಿದ್ರು. ಪರದೆ ಎದ್ದರೆ ದರ್ಬಾರು ಸಿದ್ಧ. ಪಾರ್ಸಿ ನಾಟಕಗಳಿಂದ ಬಂದ ಈ ಕ್ರಮವನ್ನ ‘ತುಘಲಕ್’ ಬರೆಯೋವಾಗ ಬಳಸಿಕೊಂಡೆ ಅಂತ ಕಾರ್ನಾಡರೇ ಬರೆದಿದಾರೆ. ಅದಕ್ಕೇ ನೋಡಿ, ಮಸೀದಿ ಮುಂದಿನ ಬಯಲು, ಬೆಟ್ಟದ ಅಡಗುತಾಣ, ಅಗಸ ಅಜೀಜ್ ಮತ್ತವನ ಗೆಳೆಯ ಅಜಮ್ ಮಾತಾಡೋದು, ಇವೆಲ್ಲ ಅರಮನೆ ದೃಶ್ಯಗಳ ನಡುನಡುವೆ ಬರ್ತಾವೆ.

ಮೇಷ್ಟ್ರು ಇದನ್ನ ಕ್ಲಾಸಲ್ಲಿ ‘ರಚನಾ ವಿನ್ಯಾಸ’ ಅಂತ ಪಾಠ ಮಾಡಿದ್ರಂತೆ. ನಂಗೆ ಅದು ಒಂದು ನಿಮಿಷ ನಲವತ್ತು ಸೆಕೆಂಡು. ಮುಂದೆ ಮಾತು ನಡೀತಿರೋ ಅಷ್ಟು ಹೊತ್ತಲ್ಲಿ ನಾಲ್ಕು ಜನ, ಕತ್ತಲಲ್ಲಿ, ಬರಿಗಾಲಲ್ಲಿ, ಎರಡು ಕ್ಲಾಸ್‌ರೂಂ ಬೆಂಚು ಸೇರಿಸಿ ಮಾಡಿದ ಸಿಂಹಾಸನವನ್ನ ಸದ್ದಿಲ್ಲದೆ ಹೊತ್ತು ತಂದು, ನೆಲದ ಮೇಲಿನ ಹೊಳೆಯೋ ಟೇಪಿನ ಗುರುತಿಗೆ ಕೂರಿಸಿ, ಚದುರಂಗದ ಹಾಸು ಹರಡಿ, ಕಾಯಿ ಜೋಡಿಸಿ ಹೊರಗೆ ಬರಬೇಕು. ಮೊದಲ ದಿನ ಹಿಡಿದದ್ದು ಎರಡು ನಿಮಿಷ ಐವತ್ತು ಸೆಕೆಂಡು. ಸ್ಟಾಪ್‌ವಾಚ್ ಹಿಡ್ಕೊಂಡು ಹಾಲಿನ ದೀಪ ಆರಿಸಿ ಹದಿನೆಂಟು ಸಲ ಮಾಡಿಸಿದೆ. ಹನ್ನೊಂದನೇ ಸಲ ಒಬ್ಬ “ಅಕ್ಕಾ, ನಾನು ಎನ್‌ಸಿಸಿಗೇ ಹೋಗ್ತೀನಿ” ಅಂದ.

ಗುಬ್ಬಿ ವೀರಣ್ಣನವರ ಕಂಪನಿ ಸ್ಟೇಜ್ ಮೇಲೆ ನಿಜವಾದ ಆನೆ ತಂದಿತ್ತಂತೆ. ಅಲ್ಲಿ ಹಿಂದೆ ನಿಂತು ಆನೆಗೆ ‘ಈಗ’ ಅಂತ ಹೇಳಿದವರು ಯಾರು? ಅವರ ಹೆಸರು ಯಾವ ಪುಸ್ತಕದಲ್ಲೂ ನಂಗೆ ಸಿಕ್ಕಿಲ್ಲ. ಸಿಕ್ಕಿದ್ರೆ ಡಿಎಂ ಮಾಡಿ.

6/9

‘ಈಗ’ ಅಂದಿದ್ದಕ್ಕೆ ನೆನಪಾಯ್ತು. ಬೆಳಕಿನವರಿಗೆ, ಸೌಂಡಿನವರಿಗೆ ನಾವು ಕ್ಯೂ ಕೊಡೋದಕ್ಕೆ ಒಂದು ಪದ್ಧತಿ ಇದೆ. ಮೊದಲು “ಸ್ಟ್ಯಾಂಡ್‌ಬೈ, ಲೈಟ್ 14”. ಅವರು “ಸ್ಟ್ಯಾಂಡ್‌ಬೈ” ಅಂತ ತಿರುಗಿ ಹೇಳ್ಬೇಕು. ಆಮೇಲೆ ಸರಿಯಾದ ಕ್ಷಣಕ್ಕೆ “ಲೈಟ್ 14, ಗೋ”. ‘ಗೋ’ ಅನ್ನೋ ಶಬ್ದ ಕಿವಿಗೆ ಬಿದ್ದ ತಕ್ಷಣ ಬೆರಳು ಒತ್ತುತ್ತೆ, ಅವರು ಯೋಚನೆ ಮಾಡಲ್ಲ, ಮಾಡಬಾರದು. ಹಾಗಾಗಿ ಬೇರೆ ಯಾವುದಕ್ಕೂ ಆ ಶಬ್ದ ಬಳಸೋ ಹಾಗಿಲ್ಲ.

ಕನ್ನಡದವರಿಗೆ ಇಲ್ಲೊಂದು ವಿಶೇಷ ಕಷ್ಟ ಇದೆ. ನಾವು ಎರಡು ಮಾತಿಗೊಂದ್ಸಲ “ಗೊತ್ತಾಯ್ತಾ?”, “ಗೊತ್ತಾಯ್ತು ಗೊತ್ತಾಯ್ತು” ಅಂತೀವಿ. ಆಡಿಟೋರಿಯಮ್ಮಿನ ಲೈಟ್ ಅಣ್ಣ ಮೊದಲ ದಿನವೇ ಹೇಳಿಬಿಟ್ರು: “ನೋಡವ್ವ, ಲೈನಲ್ಲಿ ‘ಸರಿ’ ಅನ್ನು, ‘ಹ್ಞೂಂ’ ಅನ್ನು. ‘ಗೊತ್ತಾಯ್ತು’ ಅಂದ್ಯೋ, ಸುಲ್ತಾನ ಕತ್ತಲಲ್ಲಿ ನಿಂತಿರ್ತಾನೆ.” ನಮ್ಮಲ್ಲಿ ಹೆಡ್‌ಸೆಟ್ ಇಲ್ಲ. ವಾಟ್ಸ್ಯಾಪ್ ಗ್ರೂಪ್ ಕಾಲ್, ವೈರಿನ ಇಯರ್‌ಫೋನ್, ಜೊತೆಗೆ ನೆಟ್‌ವರ್ಕ್ ಕೈ ಕೊಟ್ಟರೆ ಇರಲಿ ಅಂತ ಕೆಂಪು ಜೆಲಟಿನ್ ಸುತ್ತಿದ ಟಾರ್ಚ್: ಹತ್ತಿಸಿದ್ರೆ ಸ್ಟ್ಯಾಂಡ್‌ಬೈ, ಆರಿಸಿದ್ರೆ ಗೋ. ಒಂದು ಸಂಜೆಗೆ 63 ಕ್ಯೂ.

ಮೂರು ಬೆಲ್ ಕೂಡ ಸ್ಟೇಜ್ ಮ್ಯಾನೇಜರದ್ದೇ. ಮೊದಲ ಬೆಲ್ಲಿಗೆ ಜನ ಒಳಗೆ ಬರೋಕೆ ಶುರು, ಎರಡನೇದಕ್ಕೆ ನಟರು ವಿಂಗಲ್ಲಿ, ಮೂರನೇದಕ್ಕೆ ದೀಪ ಆರುತ್ತೆ. ಬೆಂಗಳೂರಿನ ರಂಗಶಂಕರಕ್ಕೆ ಹೋದವರಿಗೆ ಗೊತ್ತು, ಅಲ್ಲಿ ನಾಟಕ ಶುರುವಾದ ಮೇಲೆ ಬಂದವರು ಯಾರಾದ್ರೂ ಸರಿ, ಒಳಗೆ ಬಿಡಲ್ಲ. ನಮ್ಮ ಕಾಲೇಜಲ್ಲಿ ಮುಖ್ಯ ಅತಿಥಿಗಳು ಬರೋವರೆಗೂ ಮೊದಲ ಬೆಲ್ಲೇ ಹೊಡೆಯೋ ಹಾಗಿಲ್ಲ. ಇರಲಿ, ಅದು ಬೇರೆ ಪೋಸ್ಟು.

7/9

(ಫೋಟೋ: ನಾಲ್ಕು ಮರದ ಕಠಾರಿ. ಬಣ್ಣ ನಾನೇ ಹೊಡೆದದ್ದು.)

ಇದನ್ನ ಬರೀಬೇಕೋ ಬೇಡ್ವೋ ಅಂತ ಮೂರು ದಿನ ಯೋಚಿಸಿದೆ. ಯಾರ ಹೆಸರೂ ಹೇಳಲ್ಲ. ಪಾತ್ರದ ಹೆಸರಲ್ಲೇ ಹೇಳ್ತೀನಿ, ಬ್ಯಾಕ್‌ಸ್ಟೇಜಲ್ಲಿ ನಾವು ಕರೆಯೋದೂ ಹಾಗೇ.

ಆರನೇ ದೃಶ್ಯದಲ್ಲಿ ಅಮೀರರು ನಮಾಜಿನ ಹೊತ್ತಲ್ಲಿ ಸುಲ್ತಾನನನ್ನ ಕೊಲ್ಲೋಕೆ ಕಠಾರಿ ಬಚ್ಚಿಟ್ಟುಕೊಂಡು ಬರ್ತಾರೆ. ಸಂಚು ಮೊದಲೇ ಗೊತ್ತಿದ್ದ ಸುಲ್ತಾನ ಅವರನ್ನ ಹಿಡಿಸ್ತಾನೆ. ಶಿಹಾಬುದ್ದೀನನನ್ನ ತಾನೇ ಇರೀತಾನೆ. ಒಂದ್ಸಲ ಅಲ್ಲ, ಮತ್ತೆ ಮತ್ತೆ, ಹುಚ್ಚು ಹಿಡಿದವನ ಹಾಗೆ. ನಮ್ಮ ನಾಟಕದಲ್ಲಿ ಅದಾದ ತಕ್ಷಣ ಬ್ಲ್ಯಾಕೌಟ್, ಆ ಕತ್ತಲಲ್ಲೇ ಒಂಬತ್ತು ಜನ ಬರಿಗಾಲಲ್ಲಿ ಹೊರಗೆ ಓಡಬೇಕು.

ಪ್ರದರ್ಶನದ ಸಂಜೆ. ಎರಡನೇ ಬೆಲ್ ಹೊಡೆದಾಗಿದೆ. ಕೊನೇ ಸಲ ಪ್ರಾಪ್ ಟೇಬಲ್ ನೋಡ್ತೀನಿ, ಮೂರು ಕಠಾರಿ ಅವುಗಳ ಗೆರೆ ಮೇಲೆ ಇದಾವೆ, ನಾಲ್ಕನೇ ಗೆರೆ ಮೇಲೆ ಇರೋದು ನಮ್ಮದಲ್ಲ. ಕೈಗೆ ತಗೊಂಡ್ರೆ ಭಾರ. ಕಬ್ಬಿಣ. ಯಾರೋ ಮನೆಯಿಂದ, ಆಯುಧಪೂಜೆಗೆ ಮಾತ್ರ ಹೊರಗೆ ತೆಗೆಯೋ ಹಳೇ ಕಠಾರಿ ತಂದಿಟ್ಟಿದಾರೆ. ಮೊನಚಾಗಿತ್ತು.

ಕೇಳಿದೆ. ನಿರ್ದೇಶಕರೇ ತರಿಸಿದ್ದು ಅಂತ ಗೊತ್ತಾಯ್ತು. ಅವರು ಹೊರಗಿಂದ ಬಂದವರು, ಅನುಭವಸ್ಥರು, ನನ್ನ ಅಪ್ಪನ ವಯಸ್ಸು. “ಮರದ್ದು ಕೊನೇ ಸಾಲಿಗೆ ಆಟದ ಸಾಮಾನು ಥರ ಕಾಣುತ್ತಮ್ಮ. ಇದರ ಮೇಲೆ ಲೈಟ್ ಬಿದ್ರೆ ಝಗ್ ಅನ್ನುತ್ತೆ. ಅವನೇನು ನಿಜವಾಗಲೂ ಚುಚ್ತಾನಾ?”

“ಸರ್, ಇದು ಸ್ಟೇಜಿಗೆ ಹೋಗಲ್ಲ” ಅಂದೆ.

ಸುತ್ತ ಎಲ್ಲರೂ ಸುಮ್ಮನಾದ್ರು. ತುಘಲಕ್ ಮೇಕಪ್ಪಲ್ಲಿ ನಿಂತಿದ್ದ, ಶಿಹಾಬುದ್ದೀನ್ ಅವನ ಪಕ್ಕ. ಇಬ್ಬರೂ ನನ್ನನ್ನೂ ನೋಡ್ಲಿಲ್ಲ, ಅವರನ್ನೂ ನೋಡ್ಲಿಲ್ಲ. ಈ ಹುಡುಗರು ಈ ವಸ್ತು ಹಿಡ್ಕೊಂಡು ಒಂದು ಸಲವೂ ತಾಲೀಮು ಮಾಡಿಲ್ಲ. ತೂಕ ಬೇರೆ, ಉದ್ದ ಬೇರೆ. ಆವೇಶದಲ್ಲಿ ಕೈ ಎಲ್ಲಿ ನಿಲ್ಲುತ್ತೆ ಅಂತ ಅವನಿಗೇ ಗೊತ್ತಿರಲ್ಲ.

“ನಾಟಕ ನಂದು” ಅಂದ್ರು ನಿರ್ದೇಶಕರು. ಗದರಿಸಲಿಲ್ಲ, ನಿಧಾನವಾಗೇ ಹೇಳಿದ್ರು. ಅದೇ ಕಷ್ಟ. ಗದರಿಸಿದ್ರೆ ಸುಲಭ ಇರ್ತಿತ್ತು.

ಮಾತು ಬೆಳೆಸೋಕೆ ನಂಗೆ ಬರಲ್ಲ. ಕ್ಯೂ ಶೀಟಿನ ಒಂದು ಜೆರಾಕ್ಸ್ ಹೆಚ್ಚಿಗೆ ಇತ್ತು. ಎಡಗೈಲಿ ಅದನ್ನ ಗಾಳಿಯಲ್ಲಿ ಹಿಡಿದು, ಕಠಾರಿಯನ್ನ ಸುಮ್ಮನೆ ಕೆಳಗೆ ಇಳಿಸಿದೆ. ಒತ್ತಲಿಲ್ಲ. ಹಾಳೆ ಎರಡಾಯ್ತು.

ಅವರು ಒಂದು ಕ್ಷಣ ನೋಡಿದ್ರು. ಆಮೇಲೆ ತುಘಲಕ್ ಕಡೆ ತಿರುಗಿ “ಹಳೇದೇ ತಗೋ” ಅಂದು ಹೊರಗೆ ಹೋದ್ರು. ನಮ್ಮ ನಾಲ್ಕನೇ ಮರದ ಕಠಾರಿ ಗ್ರೀನ್‌ರೂಮಿನ ಕಿಟಕಿ ಮೇಲಿತ್ತು. ಕಬ್ಬಿಣದ್ದನ್ನ ಟ್ರಂಕಿಗೆ ಹಾಕಿ ಬೀಗ ಹಾಕಿದೆ. ಮೂರನೇ ಬೆಲ್ ಏಳು ನಿಮಿಷ ತಡ. ಮುಂದಿನ ಸಾಲಿಂದ ಯಾರೋ ಚಪ್ಪಾಳೆ ತಟ್ಟಿ ಅವಸರ ಮಾಡ್ತಿದ್ರು. ನನ್ನ ಕೈ ನಡುಗ್ತಾ ಇತ್ತು, ಆದ್ರೆ “ಲೈಟ್ 1, ಗೋ” ಅನ್ನೋವಾಗ ದನಿ ನಡುಗಲಿಲ್ಲ.

8/9

ಆರನೇ ದೃಶ್ಯ ಬಂತು. ನಾನು ವಿಂಗಲ್ಲಿ, ಅವರಿಂದ ಎಂಟು ಅಡಿ ದೂರ. ತುಘಲಕ್ ಆವತ್ತು ಯಾವ ತಾಲೀಮಲ್ಲೂ ಮಾಡದ ಹಾಗೆ ಮಾಡ್ದ. ಮೂರನೇ ಏಟಿಗೆ ಶಿಹಾಬುದ್ದೀನ್ ಕಾಲು ಜಾರಿ ಮುಂದಕ್ಕೆ ಬಂದ, ಕಠಾರಿಯ ತುದಿ ಕುತ್ತಿಗೆ ಬುಡಕ್ಕೆ ತಾಗಿ ಸರ್ರಂತ ಕೆಳಗೆ ಜಾರಿತು. “ಲೈಟ್ 31, ಗೋ.” ಕತ್ತಲು.

ಕತ್ತಲಲ್ಲಿ ಅವನ ತೋಳು ಹಿಡಿದು ಹೊರಗೆ ಎಳ್ಕೊಂಡೆ, ಕೆಂಪು ಟಾರ್ಚಲ್ಲಿ ನೋಡಿದೆ. ಕಾಲರ್ ಮೂಳೆ ಮೇಲೆ ಉದ್ದಕ್ಕೆ ಒಂದು ಬರೆ. ರಕ್ತ ಇಲ್ಲ. ಅವನು ಬೆರಳಲ್ಲಿ ಮುಟ್ಟಿ ನೋಡ್ಕೊಂಡ, ನನ್ನ ಮುಖ ನೋಡಿದ, ಏನೋ ಹೇಳೋಕೆ ಬಾಯಿ ತೆಗೆದ. ಮುಂದಿನ ದೃಶ್ಯಕ್ಕೆ ಅವನಿಗೆ ಬೇರೆ ವೇಷ ಇತ್ತು. “ಓಡು” ಅಂದೆ.

ನಾಟಕ ಮುಗಿದ ಮೇಲೆ ಅವನ ಅಮ್ಮ ಗ್ರೀನ್‌ರೂಮಿಗೆ ಬಂದ್ರು, ಡಬ್ಬಿ ತುಂಬ ಕೋಡುಬಳೆ. ಬರೆ ನೋಡಿ “ಏನೋ ಇದು?” ಅಂದ್ರು. “ಮರದ್ದು ತಗುಲ್ತು ಕಣಮ್ಮ” ಅಂದ. ಅವರು ನಕ್ಕು ಕೊಬ್ಬರಿ ಎಣ್ಣೆ ಹಚ್ಕೋ ಅಂದ್ರು. ಎಲ್ಲರಿಗೂ ಎರಡೆರಡು ಕೋಡುಬಳೆ ಕೊಟ್ರು, ನಂಗೂ. ಅವರಿಗೆ ಯಾರೂ ಏನೂ ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ.

ನಿರ್ದೇಶಕರು ಆ ರಾತ್ರಿ ನನ್ನ ಹತ್ರ ಮಾತಾಡ್ಲಿಲ್ಲ. ನಾಲ್ಕು ದಿನ ಬಿಟ್ಟು ಫೋನ್ ಬಂತು. ಆ ವಿಷಯ ಎತ್ತಲಿಲ್ಲ. “ಏಪ್ರಿಲಲ್ಲಿ ಒಂದು ನಾಟಕ ಮಾಡಿಸ್ತಿದೀನಿ, ಹೊರಗಿನ ತಂಡ. ನಿರ್ವಹಣೆಗೆ ಬರ್ತೀಯಾ?” ಅಂದ್ರು. ಯೋಚಿಸಿ ಹೇಳ್ತೀನಿ ಸರ್ ಅಂದಿದೀನಿ. ನಿಜವಾಗಲೂ ಯೋಚಿಸ್ತಿದೀನಿ. ನಂಗೆ ಅವರ ಮೇಲೆ ಸಿಟ್ಟಿದೆಯಾ ಇಲ್ವಾ ಅನ್ನೋದೇ ಇನ್ನೂ ಇತ್ಯರ್ಥ ಆಗಿಲ್ಲ.

9/9

ಕೊನೇದಾಗಿ ಅಪ್ಪ, ದುಡ್ಡು, ಮತ್ತು ನೀವು.

ತಾಲೀಮಿನ ದಿನಗಳಲ್ಲಿ ಎಂಟೂವರೆ ಬಸ್ಸಿಗೆ ಹೊರಡ್ತಿದ್ದೆ, ಪ್ರದರ್ಶನದ ದಿನ ಅಪ್ಪ ಅಂಗಡಿ ಬೇಗ ಮುಚ್ಚಿ ಬೈಕಲ್ಲಿ ಬಂದಿದ್ರು. ನಾಟಕ ನೋಡೋಕಲ್ಲ, ಕರ್ಕೊಂಡು ಹೋಗೋಕೆ. ಹೊರಗೆ ನಿಂತಿದ್ದವರನ್ನ ಲೈಟ್ ಅಣ್ಣ ಒಳಗೆ ಕರೆದು ತಮ್ಮ ಕ್ಯಾಬಿನಲ್ಲಿ ಕೂರಿಸಿಕೊಂಡ್ರಂತೆ. ಅಂದ್ರೆ ಅಪ್ಪ ಎರಡು ಗಂಟೆ ಹೊತ್ತು ಸ್ಪೀಕರಲ್ಲಿ ನನ್ನ ದನಿ ಕೇಳಿದಾರೆ: ಸ್ಟ್ಯಾಂಡ್‌ಬೈ, ಗೋ, ಸ್ಟ್ಯಾಂಡ್‌ಬೈ, ಗೋ. ದಾರೀಲಿ ಏನೂ ಮಾತಿಲ್ಲ. ಕಡಕೊಳ ದಾಟಿದ ಮೇಲೆ “ನೀನು ಹೇಳಿದ್ರೇನೇ ಅವ್ರು ಸ್ವಿಚ್ ಒತ್ತೋದಾ?” ಅಂದ್ರು. ಹೂಂ ಅಂದೆ. “ಎಲ್ಲಾನೂ?” ಎಲ್ಲಾನೂ ಅಪ್ಪ. ಮನೆ ಹತ್ರ ಬಂದಾಗ ಮತ್ತೆ: “ಇದಕ್ಕೆ ಸಂಬಳ ಏನಾದ್ರೂ ಇದೆಯಾ?”

ಅಪ್ಪನಿಗೆ ನಾನು ಸಿಎ ಮಾಡ್ಬೇಕು ಅಂತ. ಬಿಕಾಂನಲ್ಲಿ 55 ಪರ್ಸೆಂಟ್ ಇದ್ರೆ ಫೌಂಡೇಶನ್ ಇಲ್ಲದೆ ನೇರವಾಗಿ ಇಂಟರ್‌ಗೆ ಸೇರಬಹುದು, ಅದನ್ನ ಅವರು ಯಾರಿಂದಲೋ ಕೇಳಿ ಅಂಗಡಿ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದಾರೆ. ಸುಳ್ಳು ಹೇಳೋಕೆ ಮನಸ್ಸು ಬರ್ಲಿಲ್ಲ. ಹವ್ಯಾಸಿ ತಂಡಗಳಲ್ಲಿ ಸಿಗೋದು ಬಸ್ ಚಾರ್ಜು, ಊಟ, ಅಪರೂಪಕ್ಕೆ ಒಂದು ಕವರ್. ಕಾರ್ಪೊರೇಟ್ ಕಾರ್ಯಕ್ರಮಗಳಲ್ಲಿ ‘ಶೋ ಕಾಲರ್’ ಅಂತ ಇದೇ ಕೆಲಸ ಮಾಡೋರಿಗೆ ದುಡ್ಡಿದೆ, ಆದ್ರೆ ಅಲ್ಲಿ ತುಘಲಕ್ ಇರಲ್ಲ, ಹೊಸ ಮಾಡೆಲ್ ಕಾರ್ ಇರುತ್ತೆ. ಕಲಿಬೇಕು ಅಂದ್ರೆ ಹೆಗ್ಗೋಡಿನ ನೀನಾಸಂನಲ್ಲಿ 1980ರಿಂದ ರಂಗಶಿಕ್ಷಣ ಕೇಂದ್ರ ಇದೆ. ನೀನಾಸಂ ತಿರುಗಾಟದವರು ನಿಮ್ಮೂರಿಗೆ ಬಂದ್ರೆ ನಾಟಕ ನೋಡಿ, ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ನಿಂತು ಅವರು ಸಾಮಾನು ಕಟ್ಟೋದನ್ನೂ ನೋಡಿ. ನಮ್ಮ ಮೈಸೂರಲ್ಲಿ ರಂಗಾಯಣ ಇದೆ, ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ್ದು. ಬಹುರೂಪಿ ಹೊತ್ತಿಗೆ ಅಲ್ಲೇ ಬಿದ್ದಿರ್ತೀನಿ, ಸಿಕ್ಕಿದ್ರೆ ಮಾತಾಡ್ಸಿ.

ಸಿಎಗೂ ರಿಜಿಸ್ಟರ್ ಮಾಡ್ತೀನಿ ಅಂತ ಅಪ್ಪನಿಗೆ ಹೇಳಿದೀನಿ. ಏಪ್ರಿಲ್ ನಾಟಕದ ವಿಷಯ ಇನ್ನೂ ಹೇಳಿಲ್ಲ. ಈ ಪೋಸ್ಟ್ ಅವರಿಗೆ ಯಾರೂ ತೋರಿಸ್ಬೇಡಿ, ದಯವಿಟ್ಟು.

ನಮ್ಮ ಕಾಲೇಜಿನವರಿಗೆ: ಮುಂದಿನ ನಾಟಕಕ್ಕೆ ನಂಗೆ ಇಬ್ಬರು ಬೇಕು. ಯಾವ ಕೋರ್ಸ್ ಆದ್ರೂ ಸರಿ, ಹುಡುಗಿಯರಾದ್ರೆ ಮನೆಗೆ ಫೋನ್ ಮಾಡಿ ಒಪ್ಪಿಸೋ ಕೆಲಸ ನಂದು, ವಾಪಸ್ ಬಸ್ ಹತ್ತಿಸೋದೂ ನಂದು. ಟೈಮಿಗೆ ಬರಬೇಕು. ಕತ್ತಲಲ್ಲಿ ಮಾತಾಡದೆ ನಿಲ್ಲೋಕೆ ಬರಬೇಕು. ಕಪ್ಪು ಬಟ್ಟೆ ಇದ್ರೆ ಒಳ್ಳೇದು, ಗೆಜ್ಜೆ ಮತ್ತು ಬಳೆ ತೆಗೆದಿಟ್ಟು ಬನ್ನಿ. ಸೋಮವಾರ ನಾಲ್ಕೂಕಾಲಿಗೆ, ಹಳೇ ಲೈಬ್ರರಿ ಹಾಲು. ಪೆನ್ಸಿಲ್ ತನ್ನಿ. ಮತ್ತೆ ಆ 15 ನಾಣ್ಯ ಯಾರ ಹತ್ರ ಇದ್ರೂ ಅವತ್ತೇ ತಂದುಕೊಡಿ, ವಾಷರ್ ಅಂಗಡಿಯವರಿಗೆ ಲೆಕ್ಕ ಕೊಡ್ಬೇಕು.

#ಬ್ಯಾಕ್‌ಸ್ಟೇಜ್_ಲೆಕ್ಕ #ರಂಗನಿರ್ವಹಣೆ #ತುಘಲಕ್ #ಮೈಸೂರು #ಬಿಕಾಂ_ಬಾಳು